ಕೇಳುವ ಮೊದಲೇ ಬಡಿಸುವವರು

ಆಟೋ ಕೋಡಂಬಾಕ್ಕಂ ಮೇಲ್ಸೇತುವೆಯ ನೆತ್ತಿಯ ಮೇಲೆ ಕೆಟ್ಟು ನಿಲ್ಲಬಹುದು. ನಿಲ್ಲದಿದ್ದರೆ ಅದರ ತೂಗಾಟಕ್ಕೆ ಮಗು ನಿದ್ದೆ ಹೋಗಬಹುದು. ಎಬ್ಬಿಸಿದರೆ ಮಗು ಅಳಬಹುದು. ಎಬ್ಬಿಸದಿದ್ದರೆ ನಾನು ಅಳಬಹುದು. ಜನನ ಪತ್ರದ ಮೂರು ಪ್ರತಿಗಳನ್ನು ಮುನ್ನೆಚ್ಚರಿಕೆಯಿಂದ ಮೂರು ಕಡೆ ಇಟ್ಟುಕೊಂಡಿರುವುದರಿಂದ ಮೂರೂ ಕಡೆ ಹುಡುಕಬೇಕಾಗಿ ಬರಬಹುದು. ಹೊಸ ಬೂಟು ಕಚ್ಚಬಹುದು. ಬೆಳಿಗ್ಗೆ ಕುಡಿದ ಹಾಲು ಟೀಚರ ಮೇಜಿನ ಮೇಲೆ ವಾಪಸು ಬರಬಹುದು. ಗೋಡೆಯ ಮೇಲೆ ಬರೆದ ಹುಲಿಯನ್ನು ಕಂಡು ಮಗು ಹೆದರಬಹುದು, ಅಥವಾ ಹೆದರದೆ ಹುಲಿಗೆ ಮೀಸೆ ಬರೆಯಬಹುದು. ನನ್ನ ಹೆಂಡತಿ ಸುಜಾತ ಟೀಚರ ಇಂಗ್ಲಿಷನ್ನು ತಿದ್ದಬಹುದು. ನನಗೆ ಬಿಕ್ಕಳಿಕೆ ಹಿಡಿಯಬಹುದು. ಮಕ್ಕಳ ಕುರ್ಚಿಯಲ್ಲಿ ಕೂತವನು ಏಳುವಾಗ ಕುರ್ಚಿಯೂ ನನ್ನ ಜೊತೆಗೇ ಎದ್ದು ಬರಬಹುದು. ಕೊನೆಯದಾಗಿ, ಕೆಳಗೆ ಎರಡು ಗೆರೆ ಎಳೆದು: ಮಗು ಬಾಯಿಯೇ ಬಿಡದಿರಬಹುದು.

ಇದು ನನ್ನದೇ ಕೈಬರಹ. ಮೊನ್ನೆ ನಮ್ಮ ಹೋಟೆಲಿನ ಗಲ್ಲೆಯ ಕೆಳಗಿನ ಡ್ರಾಯರು ಚೊಕ್ಕ ಮಾಡುವಾಗ ಹಳೆಯ ಆರ್ಡರ್ ಚೀಟಿಗಳ ಒಂದು ಕಟ್ಟು ಸಿಕ್ಕಿತು. ಚೀಟಿಗಳ ಮುಖದ ಮೇಲೆ ‘ಎರಡು ಪೊಂಗಲ್, ಒಂದು ವಡೆ’ ಎಂದು ಇದ್ದರೆ ಬೆನ್ನ ಮೇಲೆ ನನ್ನ ಚಿಂತೆಗಳು ನಂಬರ್ ಹಾಕಿಕೊಂಡು ಕೂತಿದ್ದವು. ಮಗಳು ನಿಧಿಯನ್ನು ನುಂಗಂಬಾಕ್ಕಂನ ಒಂದು ಶಾಲೆಯ ಎಲ್‌ಕೆಜಿಗೆ ಸೇರಿಸಲು ಕರೆದುಕೊಂಡು ಹೋಗುವ ಹಿಂದಿನ ದಿನ ಬರೆದದ್ದು. ಇಷ್ಟು ಸಣ್ಣ ಮಕ್ಕಳಿಗೆ ‘ಇಂಟರ್‌ವ್ಯೂ’ ಅನ್ನಬಾರದಂತೆ, ‘ಇಂಟರಾಕ್ಷನ್’ ಅನ್ನಬೇಕಂತೆ. ಹೆಸರು ಬದಲಾದರೆ ಅಪ್ಪನ ಅಂಗೈ ಬೆವರುವುದು ನಿಲ್ಲುತ್ತದೆಯೇ? ನೀವೇ ಹೇಳಿ.

ನಾನು ಚಿಂತೆ ಮಾಡುವವನು. ಇದನ್ನು ದೂರಾಗಿ ಹೇಳುತ್ತಿಲ್ಲ, ವೃತ್ತಿಯಾಗಿ ಹೇಳುತ್ತಿದ್ದೇನೆ. ನಲವತ್ತೇಳು ವರ್ಷದಿಂದ ಈ ವಿದ್ಯೆಯಲ್ಲಿ ಕೈ ಪಳಗಿದೆ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವರನ್ನು ನೀವು ಕಂಡಿರುತ್ತೀರಿ. ನಾನು ಮನೆಯಲ್ಲಿ ಜನ ಇರುವಾಗಲೂ ಜಗ್ಗಿ ನೋಡುವವನು. ಒಂದು ದಿನ ಯಾವ ಚಿಂತೆಯೂ ಇಲ್ಲದಿದ್ದರೆ ಏನೋ ಮರೆತಿದ್ದೇನೆ ಎಂಬ ಚಿಂತೆ ಹತ್ತುತ್ತದೆ. ಆದರೆ ಎರಡು ಗೆರೆಯ ಆ ಕೊನೆಯ ಚಿಂತೆ ಮಾತ್ರ ಹವ್ಯಾಸದ್ದಲ್ಲ. ಅದು ನಿಜವಾದದ್ದಾಗಿತ್ತು. ಅದನ್ನು ಹೇಳಬೇಕಾದರೆ ನಮ್ಮ ಹೋಟೆಲಿನಿಂದಲೇ ಶುರು ಮಾಡಬೇಕು.

ಕುಂದಾಪುರದ ಕಡೆಯಿಂದ ಬಂದ ನನ್ನ ಅಜ್ಜ ಕೋಡಂಬಾಕ್ಕಂನಲ್ಲಿ ಈ ಹೋಟೆಲು ತೆರೆದರು. ಕೆಳಗೆ ಹೋಟೆಲು, ಮೇಲೆ ಮನೆ. ಎರಡಕ್ಕೂ ನಡುವೆ ಒಂದು ಮರದ ಏಣಿ. ಅದನ್ನು ಹತ್ತಿದರೆ ಮನೆಗೆ ಹೋಗುತ್ತೇವೆ ಎಂಬುದು ನಮ್ಮ ಭ್ರಮೆ. ಹೋಟೆಲೇ ನಮ್ಮ ಹಿಂದೆ ಹತ್ತಿಕೊಂಡು ಬರುತ್ತದೆ. ಅಜ್ಜ ಕಲಿಸಿದ, ಅಪ್ಪಯ್ಯ ಪಾಲಿಸಿದ, ಈಗಲೂ ನಡೆಯುತ್ತಿರುವ ಒಂದೇ ನಿಯಮ: ಊಟಕ್ಕೆ ಕೂತವರು ಬಾಯಿ ಬಿಟ್ಟು ಕೇಳುವಂತಾದರೆ ಬಡಿಸುವವನ ಮಾನ ಹೋದಂತೆ. ಮುಖ ನೋಡುವುದಲ್ಲ, ಎಲೆ ನೋಡುವುದು. ಸಾರಿನ ಗುಂಡಿ ಬತ್ತುವ ಮೊದಲೇ ಸಾರು, ಪಲ್ಯದ ಕಡೆಗೆ ಬೆರಳು ಹೊರಟಿತೆಂದರೆ ಅದು ತಲುಪುವಷ್ಟರಲ್ಲಿ ಪಲ್ಯ. ನಮ್ಮ ಸಪ್ಲೈಯರ್ ಪದ್ದಣ್ಣ ಮೂವತ್ತು ವರ್ಷದಿಂದ ಸಾಂಬಾರಿನ ಬಕೆಟ್ ಹಿಡಿದಿದ್ದಾನೆ. “ಸಾಂಬಾರ್” ಎಂದು ಯಾರಾದರೂ ಕೂಗಿದರೆ ಅವನ ಮುಖ, ಬೈಗುಳ ತಿಂದವರ ಮುಖದ ಹಾಗೆ ಕಪ್ಪಿಡುತ್ತದೆ.

ನನ್ನ ಬಾಲ್ಯ ಈ ಶಾಲೆಯಲ್ಲೇ ಕಳೆಯಿತು. ಮಧ್ಯಾಹ್ನದ ಊಟದ ಗದ್ದಲದಲ್ಲಿ ಅಮ್ಮ ನನ್ನನ್ನು ಉಗ್ರಾಣದ ಅಕ್ಕಿ ಮೂಟೆಗಳ ಮೇಲೆ ಮಲಗಿಸುತ್ತಿದ್ದಳು. ಎದ್ದಾಗ ಗೋಣಿಯ ನೇಯ್ಗೆಯೆಲ್ಲ ಕೆನ್ನೆಯ ಮೇಲೆ ಅಚ್ಚಾಗಿರುತ್ತಿತ್ತು. ಇಂಗು, ಒಣಮೆಣಸು, ತೊಳೆದ ಅಮೃತಶಿಲೆಯ ಮೇಜಿನ ತಣ್ಣನೆಯ ವಾಸನೆ: ನನಗೆ ಜೋಗುಳ ಎಂದರೆ ಇವೇ. ನಾಲ್ಕು ವರ್ಷಕ್ಕೇ ನನಗೊಂದು ಕೆಲಸ ಸಿಕ್ಕಿತ್ತು. ಗಲ್ಲೆಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು, ಯಾವ ಟೇಬಲ್ಲಿನಲ್ಲಿ ಚಟ್ನಿ ಮುಗಿಯಿತೋ ಆ ಟೇಬಲ್ಲಿನ ನಂಬರಿನಷ್ಟು ಬೆರಳೆತ್ತಿ ತೋರಿಸುವುದು.

ಆಗ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದವು. ನಾಲ್ಕು ಮಾತು ಕನ್ನಡ ಕಿವಿಗೆ ಬೀಳಲಿ ಎಂದು ಆ ಜನ, ಬಣ್ಣ ತೊಳೆಯುವಷ್ಟೂ ತಾಳ್ಮೆ ಇಲ್ಲದೆ, ನಮ್ಮಲ್ಲಿಗೆ ಬರುತ್ತಿದ್ದರು. ಒಂದು ಸಂಜೆ ಎರಡನೇ ಟೇಬಲ್ಲಿನಲ್ಲಿ ಒಬ್ಬ ರಾಕ್ಷಸ ಕೂತಿದ್ದ. ಕೋರೆಹಲ್ಲುಗಳನ್ನು ಕಳಚಿ ಸಾಸರಿನಲ್ಲಿಟ್ಟು, ಕಣ್ಣಿನ ಸುತ್ತ ಕೆಂಪು ಬಳಿದುಕೊಂಡೇ ಇಡ್ಲಿ ಮುರಿಯುತ್ತಿದ್ದ. ನೋಡಿದರೆ ಮುಗಿದಿರುವುದು ಅವನದೇ ಚಟ್ನಿ! ಸ್ಟೂಲಿನಿಂದ ಇಳಿದು ಗಲ್ಲೆಯ ಹಿಂದೆ ಅಡಗಿಕೊಂಡೆ. ಆದರೂ ಎರಡು ಬೆರಳೆತ್ತಿದೆ. ಚಟ್ನಿ ಹೋಯಿತು. ರಾಕ್ಷಸ ನನ್ನ ಕಡೆ ತಿರುಗಿ, “ಬಲೇ ಚುರುಕಿದ್ದೀಯ ಮರಿ” ಎಂದು ಕಣ್ಣು ಹೊಡೆದ. ಹೆದರಿಕೆಯೂ ಕರ್ತವ್ಯವೂ ಒಟ್ಟಿಗೇ ನನ್ನ ಮೈಗೆ ಹತ್ತಿದ್ದು ಆ ಸಂಜೆಯೇ ಇರಬೇಕು. ಎರಡೂ ಇನ್ನೂ ಬಿಟ್ಟಿಲ್ಲ.

ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ಇನ್ನೊಬ್ಬರ ಹಸಿವು ಚೆನ್ನಾಗಿ ತಿಳಿಯುತ್ತದೆ. ತನ್ನ ಹಸಿವನ್ನು ಹೇಳಿಕೊಳ್ಳುವುದು ಮಾತ್ರ ತಿಳಿಯುವುದಿಲ್ಲ. ಏಕೆಂದರೆ ಹೇಳುವ ಸಂದರ್ಭವೇ ಬಂದಿರುವುದಿಲ್ಲ. ನಾನು ಕ್ಷೌರಕ್ಕೆ ಹೋದರೆ ಹೇಗೆ ಕತ್ತರಿಸಬೇಕೆಂದು ಹೇಳುವವನಲ್ಲ. ಅವರಿಗೆ ತೋಚಿದ ಹಾಗೆ ಕತ್ತರಿಸಿಕೊಂಡು, ಎರಡು ವಾರ ಟೋಪಿ ಹಾಕಿಕೊಂಡು ತಿರುಗುವವನು. ಬೇರೆ ಹೋಟೆಲಿನಲ್ಲಿ ನೀರು ಬರದಿದ್ದರೆ ಒಣಗಿದ ಬಾಯಲ್ಲೇ ಎದ್ದು ಬರುತ್ತೇನೆ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋಗಿದ್ದೆ. ಸುಜಾತಳದು ಸೌಕಾರ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಕನ್ನಡದವರ ಮನೆ. ನಾಲ್ವರು ಅಕ್ಕತಂಗಿಯರು, ಗಟ್ಟಿಯಾಗಿ ಕೇಳದವರಿಗೆ ಅಲ್ಲಿ ಹೋಳಿಗೆ ಸಿಗುತ್ತಿರಲಿಲ್ಲ. ಅತ್ತೆ ಎರಡು ರೊಟ್ಟಿ ಹಾಕಿ, ಅಳಿಯ ಕೇಳಲಿ ಎಂದು ಕಾದರು. ನಾನು ಅವರು ಹಾಕಲಿ ಎಂದು ಕಾದೆ. ಇಬ್ಬರೂ ಮರ್ಯಾದಸ್ಥರು. ಹಸಿದುಕೊಂಡೇ ಕೈ ತೊಳೆದೆ. “ಅಳಿಯಂದಿರಿಗೆ ಹೊಟ್ಟೆ ಭಾಳ ಸಣ್ಣದು” ಎಂದು ಅತ್ತೆ ಊರೆಲ್ಲ ಹೇಳಿದರು. ಆ ಮನೆಯಲ್ಲಿ ಇವತ್ತಿಗೂ ನನಗೆ ಎರಡೇ ರೊಟ್ಟಿ.

ಇಷ್ಟೆಲ್ಲ ಹಿನ್ನೆಲೆಯಿದ್ದ ಮನೆಯಲ್ಲಿ, ನನಗೆ ನಲವತ್ಮೂರು ತುಂಬಿದ ಮೇಲೆ, ನಿಧಿ ಹುಟ್ಟಿದಳು. ಬೆಳಿಗ್ಗೆ ಸುಜಾತ ಬ್ಯಾಂಕಿಗೆ ಹೋದರೆ ಸಂಜೆಯವರೆಗೆ ಮಗು ಅಪ್ಪಯ್ಯ, ಅಮ್ಮ, ಪದ್ದಣ್ಣ ಮತ್ತು ನಾನು, ಈ ನಾಲ್ವರು ಪಳಗಿದ ಸೇವಕರ ಕೈಯಲ್ಲಿ. ಅವಳು ಹುಬ್ಬು ಹಾರಿಸಿದರೆ ನೀರು ಬರುತ್ತಿತ್ತು. ತುಟಿ ಚಾಚಿದರೆ ಬಾಳೆಹಣ್ಣು ಸುಲಿದುಕೊಂಡು ಬರುತ್ತಿತ್ತು. ಕಿಟಕಿಯ ಕಡೆ ತಿರುಗಿದಳೆಂದರೆ ಎಪ್ಪತ್ತಾರು ವರ್ಷದ ಅಪ್ಪಯ್ಯ ಅವಳನ್ನು ಎತ್ತಿಕೊಂಡು ಕಾಗೆ ತೋರಿಸಲು ಓಡುತ್ತಿದ್ದರು. ನಾವೆಲ್ಲ ಹೆಮ್ಮೆಪಟ್ಟೆವು. ಅಳುವೇ ಇಲ್ಲದ ಮಗು!

ಮಾತೂ ಇರಲಿಲ್ಲ.

ಎರಡು ವರ್ಷ ತುಂಬಿದಾಗ ನಾಲ್ಕು ಶಬ್ದ. ಅಜ್ಜ, ಬಾ, ಕಾ ಕಾ, ಉಂ. ಎರಡೂವರೆಗೂ ಅದೇ ನಾಲ್ಕು. ಪಕ್ಕದ ಬೀದಿಯ ಅದೇ ವಯಸ್ಸಿನ ಮಗು ತಮಿಳಿನಲ್ಲಿ ಆಟೋದವರ ಜೊತೆ ಜಗಳಕ್ಕೇ ನಿಲ್ಲುತ್ತಿತ್ತು. ನಾನು ಆರ್ಡರ್ ಚೀಟಿಗಳ ಬೆನ್ನ ಮೇಲೆ ಬರೆಯಲು ಶುರು ಮಾಡಿದೆ. ಕಿವಿಯ ತೊಂದರೆಯೋ, ನಾಲಿಗೆಯದೋ? ಅಜ್ಜಿಯದು ಕನ್ನಡ, ಪದ್ದಣ್ಣನದು ಅರ್ಧ ತಮಿಳು, ಸುಜಾತಳದು ಇಂಗ್ಲಿಷ್, ಹೀಗೆ ಮೂರು ಭಾಷೆ ಒಂದೇ ಪುಟ್ಟ ತಲೆಗೆ ನುಗ್ಗಿ ಬಾಗಿಲಲ್ಲೇ ಸಿಕ್ಕಿಕೊಂಡವೋ? ಮೊಬೈಲೋ? ನನ್ನ ವಯಸ್ಸೋ?

ಮನೆಯಲ್ಲಿ ಬಾಯಿಬಿಟ್ಟೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ನಿಂಗೆ ಮಾತು ಬಂದದ್ದು ಮೂರು ದಾಟಿದ ಮೇಲೆ. ಆಗ ಯಾರು ಡಾಕ್ಟ್ರ ಹತ್ರ ಓಡಿದ್ದು? ತಾನಾಗಿ ಬಂತಲ್ವಾ?”

“ಬಂದದ್ದು ಹೌದಾ?” ಎಂದರು ಅಪ್ಪಯ್ಯ ಪೇಪರಿನ ಹಿಂದಿನಿಂದ. “ನಂಗಿನ್ನೂ ಕೇಳ್ಲಿಲ್ಲ.”

ಸುಜಾತ ನಗಲಿಲ್ಲ. “ಮಾವ, ತಮಾಷೆ ಸಾಕು. ಮುಂದಿನ ವರ್ಷ ಸ್ಕೂಲು. ಅಲ್ಲಿ ಇವಳ ಹುಬ್ಬು ನೋಡ್ಕೊಂಡು ಯಾರು ಕೂತಿರ್ತಾರೆ? ಬಾತ್‌ರೂಮ್ ಬಂದ್ರೂ ಬಾಯಿಬಿಟ್ಟು ಕೇಳ್ಬೇಕು ಅಲ್ವಾ?”

ಆ ಮಾತು ನನ್ನ ಒಳಗೆ ಎಲ್ಲೋ ಹೋಗಿ ಕೂತಿತು. ಒಂದನೇ ತರಗತಿಯಲ್ಲಿ, ಕೇಳಲು ಬಾಯಿ ಬಾರದೆ, ಒದ್ದೆ ಚಡ್ಡಿಯಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದವನೊಬ್ಬನು ನನಗೆ ಗೊತ್ತಿದ್ದ. ಟೋಪಿ ಹಾಕಿಕೊಂಡು ತಿರುಗುವವನು, ಎರಡೇ ರೊಟ್ಟಿಗೆ ಏಳುವವನು ಒಬ್ಬ ಸಾಕು ಮನೆಗೆ. ನನ್ನ ಮಗಳು ಬೇಕಾದದ್ದನ್ನು ಬೇಕು ಎನ್ನುವವಳಾಗಬೇಕು. ಇಷ್ಟೇ ನನ್ನ ಆಸೆ. ಉಳಿದ ಚಿಂತೆಗಳನ್ನೆಲ್ಲ ಬೇಕಾದರೆ ಯಾರಿಗಾದರೂ ದಾನ ಕೊಟ್ಟೇನು.

ಮಕ್ಕಳ ಡಾಕ್ಟರು ಕಿವಿ ಪರೀಕ್ಷೆ ಮಾಡಿಸಿದರು. ಪೂರ್ತಿ ಸರಿ. ನಾಲಿಗೆ ಸರಿ. ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಅದೂ ಸರಿ. ಭಾಷೆ ಎರಡಿದ್ದರೂ ಮೂರಿದ್ದರೂ ಅದಕ್ಕಾಗಿ ಹೆದರಬೇಡಿ ಎಂದರು. ಮಾತು ಕಲಿಸುವ ಥೆರಪಿಸ್ಟ್ ಒಬ್ಬರ ಹತ್ತಿರ ಕಳಿಸಿದರು. ವಾಸಂತಿ ಮೇಡಂ ಎಂದು ಅವರ ಹೆಸರು. ಕೂದಲು ನರೆತ, ಗಟ್ಟಿ ದನಿಯ ತಮಿಳು ಹೆಂಗಸು. ಅವರು ಎರಡು ಸಲ ತಮ್ಮ ಕೋಣೆಯಲ್ಲಿ ನಿಧಿಯನ್ನು ನೋಡಿ, ಮೂರನೆಯ ಸಲ, “ಇವಳನ್ನು ಇವಳ ಜಾಗದಲ್ಲೇ ನೋಡಬೇಕು. ನಾನೇ ಬರುತ್ತೇನೆ” ಎಂದರು.

ನಾಲ್ಕು ಗಂಟೆಗೆ ಬಂದರು. ಟಿಫಿನ್ ಹೊತ್ತು. ನಾನು ಅವರನ್ನೂ ನಿಧಿಯನ್ನೂ ಮೂಲೆಯ ಟೇಬಲ್ಲಿನಲ್ಲಿ ಕೂರಿಸಿ, ಏನೂ ಗಮನಿಸದವನ ಹಾಗೆ ಗಲ್ಲೆಯಲ್ಲಿ ಕೂತು ಎಲ್ಲವನ್ನೂ ಗಮನಿಸುತ್ತಿದ್ದೆ. ಮೇಡಂ ಚೀಲದಿಂದ ಪುಸ್ತಕ ತೆಗೆದರು. ಅದನ್ನು ಬಿಡಿಸುವಷ್ಟರಲ್ಲಿ ಅವರ ಮುಂದೆ ನೀರು ಬಂತು. ಪೆನ್ನು ಹುಡುಕುವಾಗ ಬಿಸಿ ವಡೆ ಬಂತು. ವಡೆ ಅರ್ಧವಾಗುವಾಗ ಇನ್ನೊಂದು ಸುತ್ತು ಚಟ್ನಿ. ನಿಧಿ ಅವರ ವಡೆಯ ಕಡೆ ಕಣ್ಣು ಹಾಯಿಸಿದಳು. ಅವಳಿಗೂ ಒಂದು ಪುಟ್ಟ ತಟ್ಟೆಯಲ್ಲಿ, ಆರಿಸಿ, ಮುರಿದು, ಮೆಣಸಿನಕಾಯಿ ಹೆಕ್ಕಿ ತೆಗೆದು ಬಂತು. ಅವಳು ಮೂಗು ಉಜ್ಜಿಕೊಂಡಳು. ಅಮ್ಮ ಎಲ್ಲಿಂದಲೋ ಕರ್ಚೀಫು ಹಿಡಿದು ಪ್ರತ್ಯಕ್ಷಳಾದಳು. ಮೇಡಂ ಕೈ ಒರೆಸಿಕೊಳ್ಳುವಾಗ ಡಬರಾದಲ್ಲಿ ನೊರೆಗಾಫಿ. ಪದ್ದಣ್ಣ ಸಕ್ಕರೆ ಕಡಿಮೆ ಹಾಕಿದ್ದ. ಅವರು ಸಕ್ಕರೆ ಕಡಿಮೆ ಕುಡಿಯುವವರೆಂದು ಅವನಿಗೆ ಹೇಗೆ ಗೊತ್ತಾಯಿತೋ, ಕೇಳಿದರೆ ‘ತಟ್ಟೆ ನೋಡಿದ್ರೆ ಗೊತ್ತಾಗುದಿಲ್ವಾ’ ಅನ್ನುತ್ತಾನೆ.

ಕಾಫಿ ಮುಗಿಸಿ ಅವರು ಜೋರಾಗಿ ನಗಲು ಶುರು ಮಾಡಿದರು. ನಾನು ಗಲ್ಲೆ ಬಿಟ್ಟು ಓಡಿ ಬಂದೆ.

“ಸಾರ್, ನಾನ್ ವಂದು ಪತ್ತು ನಿಮಿಷಂ ಆಚ್ಚು. ಇನ್ನುಂ ಒರು ವಾರ್ತೆ ಪೇಸಲೆ. ವಯಿರು ಮಟ್ಟುಂ ರೊಂಬಿಡುಚ್ಚು!”

ಬಂದು ಹತ್ತು ನಿಮಿಷವಾಯಿತು, ಇನ್ನೂ ಒಂದು ಮಾತು ಆಡಿಲ್ಲ, ಹೊಟ್ಟೆ ಮಾತ್ರ ತುಂಬಿದೆ! ಅವರು ನಿಧಿಯ ತಲೆ ಸವರಿ ಹೇಳಿದ್ದರ ಸಾರಾಂಶ ಇಷ್ಟು. ಮಕ್ಕಳು ಮಾತು ಕಲಿಯುವುದು ಬೇರೆಯವರ ಮಾತು ಕೇಳಿ, ನಿಜ. ಆದರೆ ಆಡುವುದು, ಆಡಬೇಕಾಗಿ ಬಂದಾಗ. ಎಲ್ಲ ಮಕ್ಕಳದೂ ಒಂದೇ ಕಾರಣವಲ್ಲ, ಇವಳದೂ ಇದೊಂದೇ ಅಂತ ಈಗಲೇ ಹೇಳುವುದಿಲ್ಲ. ಆದರೆ ಈ ಮನೆಯಲ್ಲಿ ಈ ಮಗುವಿಗೆ ಬಾಯಿಯಿಂದ ಆಗಬೇಕಾದ ಕೆಲಸ ಅಗಿಯುವುದೊಂದೇ. ಅವಳ ಜೊತೆ ಮಾತಾಡಿ, ಆಡಿ, ಹಾಡಿ, ಅದನ್ನೆಲ್ಲ ಎರಡರಷ್ಟು ಮಾಡಿ. ಆದರೆ ಏನಾದರೂ ಕೊಡುವ ಮೊದಲು ಹತ್ತು ಎಣಿಸಿ. ಅವಳ ಮುಖ ನೋಡಿ, ಕಾಯಿರಿ. ಎರಡು ತಿಂಗಳು ನೋಡೋಣ.

ಕಾಯಿಸುವುದು! ನಮ್ಮ ಹೋಟೆಲಿನಲ್ಲಿ!

“ಹಸಿದ ಮಗುವನ್ನು ಕಾಯಿಸುದಾ? ನನ್ನ ಅಪ್ಪ ಇದ್ದಿದ್ರೆ ಆ ಹೆಂಗಸಿಗೆ ಕಾಫಿ ಕೊಡ್ತಿರ್ಲಿಲ್ಲ” ಎಂದರು ಅಪ್ಪಯ್ಯ.

“ಕೊಟ್ಟದ್ದೇ ತಪ್ಪಾದ್ದು” ಎಂದಳು ಅಮ್ಮ. “ಕೇಳುವವರೆಗೆ ಕೊಡದಿದ್ರೆ ಅವ್ರಿಗೆ ಗೊತ್ತೇ ಆಗ್ತಿರ್ಲಿಲ್ಲ.”

ಪ್ರಯೋಗ ಶುರುವಾಯಿತು. ಐವತ್ತು ವರ್ಷ ಚೆನ್ನಾಗಿ ಬಡಿಸಿದ ಕೈಗಳಿಗೆ ಕೆಟ್ಟದಾಗಿ ಬಡಿಸುವುದನ್ನು ಕಲಿಸುವ ಕಷ್ಟ ನಿಮಗೆ ಹೇಗೆ ಹೇಳಲಿ? ಅಪ್ಪಯ್ಯನ ಎಣಿಕೆ ‘ಒಂದು, ಎರಡು, ಮೂರು, ಹತ್ತು’ ಎಂದು ಮುಗಿಯುತ್ತಿತ್ತು. ಪದ್ದಣ್ಣ ಎಲ್ಲರ ಎದುರು ನಿಯಮ ಪಾಲಿಸಿ, ಕೈ ತೊಳೆಯುವ ಬೇಸಿನ್ನಿನ ಹಿಂದೆ ಅವಳಿಗೆ ಗುಟ್ಟಾಗಿ ಮೈಸೂರುಪಾಕು ಸರಬರಾಜು ಮಾಡುತ್ತಿದ್ದ. ಅಮ್ಮ ನನ್ನ ಕೈಯಿಂದ ಅವನಿಗೆ ಬಯ್ಯಿಸಿದಳು. ನಾನು ಬಯ್ದು ತಿರುಗಿದರೆ ನನ್ನ ಕೈಯಲ್ಲೇ ಅರ್ಧ ಬಿಸ್ಕತ್ತು ಇತ್ತು, ಇನ್ನರ್ಧ ನಿಧಿಯ ಬಾಯಲ್ಲಿತ್ತು. ಕೈಗೆ ಅಭ್ಯಾಸ, ನನ್ನನ್ನು ಕೇಳುವುದಿಲ್ಲ. ಸುಜಾತ ಮಾತ್ರ ಬಂಡೆಯ ಹಾಗೆ ಕೂತಿರುತ್ತಿದ್ದಳು. “ಏನು ಬೇಕು ಕಣ್ಣಾ? ಹೇಳು. ನಂಗೆ ಟೈಮ್ ಇದೆ.” ಸೌಕಾರ್‌ಪೇಟೆಯ ಮನೆಯ ತರಬೇತಿ, ಏನು ಹೇಳಲಿ.

ಮೊದಲ ವಾರ ನಿಧಿ ನಮ್ಮನ್ನೆಲ್ಲ ವಿಚಿತ್ರವಾಗಿ ನೋಡಿದಳು. ಎಲ್ಲರೂ ಒಟ್ಟಿಗೇ ಮಂಕಾದರಲ್ಲ ಎಂಬ ಕನಿಕರ ಆ ನೋಟದಲ್ಲಿತ್ತು. ಎರಡನೆಯ ವಾರ ಅತ್ತಳು. ಅಳು ಕೇಳಿ ಅಪ್ಪಯ್ಯ ಊಟ ಬಿಟ್ಟು ಎದ್ದರು. “ಇದು ಔಷಧ ಅಲ್ಲ ಮಾರಾಯ, ಶಿಕ್ಷೆ” ಎಂದು ನನಗೆ ಹೇಳಿ, ಆ ದಿನ ಎರಡು ಸಲ ಕಣ್ಣು ಒರೆಸಿಕೊಂಡರು. ನಾನೂ ಬಿಟ್ಟುಬಿಡೋಣ ಎಂದುಕೊಂಡೆ. ಸುಜಾತ ಬಿಡಲಿಲ್ಲ. ಕಾಯುವುದೆಂದರೆ ಮುಖ ತಿರುಗಿಸಿ ಕೂರುವುದಲ್ಲ, ಅವಳ ಜೊತೆಗೇ ಇದ್ದು ಕಾಯುವುದು ಎಂದು ಮೇಡಂ ಫೋನಿನಲ್ಲಿ ತಿದ್ದಿದರು. ಅದು ನಮಗೆ ಹೊಸ ಪಾಠ. ಬಡಿಸುವವರು ಎಲೆ ನೋಡುತ್ತೇವೆ ಎಂದೆನಲ್ಲ. ಮುಖ ನೋಡುತ್ತ ನಿಲ್ಲುವುದು ನಮ್ಮ ಕಸುಬಿನಲ್ಲೇ ಇರಲಿಲ್ಲ.

ಮೂರನೆಯ ವಾರದ ಒಂದು ಬೆಳಿಗ್ಗೆ ಅಪ್ಪಯ್ಯ ಅವಳ ಎದುರು ನೆಲದ ಮೇಲೆ ಕೂತರು. ಆ ವಯಸ್ಸಿನಲ್ಲಿ ನೆಲಕ್ಕೆ ಕೂರುವುದೇ ಒಂದು ಸಾಹಸ. ಕೈಯಲ್ಲಿ ಬಿಸಿ ಹಾಲಿನ ಲೋಟ. ನಿಧಿ ಹುಬ್ಬು ಹಾರಿಸಿದಳು. ಅಪ್ಪಯ್ಯ ಅವಳ ಹಾಗೇ ಹುಬ್ಬು ಹಾರಿಸಿದರು. ಅವಳು ಕೈ ಚಾಚಿದಳು. “ಎಂತ ಬೇಕು ಮಗಾ?” ಅಂದರು. ಅವಳು ತುಟಿ ಉಬ್ಬಿಸಿದಳು. ಅಪ್ಪಯ್ಯ ಕಾಗೆಯ ಕತೆ ಹೇಳಿದರು, ರೈಲಿನ ಹಾಗೆ ಕೂಗಿದರು, ಮತ್ತೆ, “ಎಂತ ಬೇಕು?” ಲೋಟದ ಮೇಲಿನ ಹಬೆ ಕಡಿಮೆಯಾಯಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನಾನು ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ನೋಡುತ್ತಿದ್ದೆ.

ನಿಧಿ ಲೋಟದೊಳಗೆ ಇಣುಕಿದಳು. ಮುಖ ಗಂಟು ಹಾಕಿದಳು. ಆಮೇಲೆ, ಸ್ಪಷ್ಟವಾಗಿ, ಸ್ವಲ್ಪ ಸಿಟ್ಟಿನಿಂದ, ಹೇಳಿದಳು:

“ಕೆನೆ ಬೇಡ.”

ಅಷ್ಟು ಹೊತ್ತು ಕಾದ ಹಾಲಿನ ಮೇಲೆ ಕೆನೆ ಕಟ್ಟಿತ್ತು. ನನ್ನ ಮಗಳ ಬದುಕಿನ ಮೊದಲ ವಾಕ್ಯ ಹೋಟೆಲಿನ ಮೇಲೆ ಒಂದು ದೂರು! ಅಪ್ಪಯ್ಯ, “ಕೇಳಿದ್ಯಾ? ಕಂಪ್ಲೇಂಟು! ನಂಗೆ ಕಂಪ್ಲೇಂಟು ಬಂತು!” ಎಂದು ಕೂಗಿದ ಕೂಗಿಗೆ ಕೆಳಗಿನ ಗಿರಾಕಿಗಳೂ ತಲೆ ಎತ್ತಿದರು. ಜೀವಮಾನದಲ್ಲಿ ಒಂದು ದೂರನ್ನೂ ಸಹಿಸದ ಮನುಷ್ಯ, ಕೆನೆ ತೆಗೆಯುವ ಚಮಚ ಹುಡುಕುತ್ತ ಮಗುವಿನ ಹಾಗೆ ಮನೆಯೆಲ್ಲ ಸುತ್ತಿದರು. ಚಮಚ ಅವರ ಜೇಬಿನಲ್ಲೇ ಇತ್ತು.

ಆಮೇಲೆ ಬಂದದ್ದನ್ನು ಲೆಕ್ಕ ಇಡಲು ನನ್ನ ಚೀಟಿಗಳು ಸಾಲಲಿಲ್ಲ. ಬೇಕು, ಬೇಡ, ಇನ್ನೂ, ಸಾಕು, ನಾನೇ. ‘ನಾನೇ’ ಎಂಬುದು ಮನೆಯನ್ನೆಲ್ಲ ಆಳಿತು. ನಾನೇ ಬೂಟು, ನಾನೇ ಏಣಿ, ನಾನೇ ಸಾರು. ಸಾರು ನೆಲದ ಪಾಲಾಗುತ್ತಿತ್ತು, ಆದರೂ ನಾನೇ. ಅಜ್ಜಿಗೆ ಕನ್ನಡ, ಪದ್ದಣ್ಣನಿಗೆ ತಮಿಳು, ಸುಜಾತಳಿಗೆ ಇಂಗ್ಲಿಷ್, ಯಾರೂ ಹೇಳಿಕೊಡದೆ ಯಾರಿಗೆ ಯಾವುದೆಂದು ಅವಳೇ ಗೊತ್ತುಮಾಡಿಕೊಂಡಳು. ನಾನು ಬಾಗಿಲಲ್ಲಿ ಸಿಕ್ಕಿಕೊಂಡಿವೆ ಎಂದುಕೊಂಡಿದ್ದ ಮೂರು ಭಾಷೆಗಳೂ ಮರ್ಯಾದೆಯಿಂದ ಸಾಲಾಗಿ ಹೊರಬಂದವು. ವಾಸಂತಿ ಮೇಡಂ ಕೊನೆಯ ಸಲ ಬಂದಾಗ, “ಇವಳು ಶಾಲೆಯಲ್ಲಿ, ನಿಮ್ಮ ಯಾರ ಸಹಾಯವೂ ಇಲ್ಲದೆ, ಹೊಸಬರಿಗೆ ತನ್ನ ಮಾತು ತಾನು ಹೇಳಲಿ. ಆಮೇಲೆ ನೀವು ನನ್ನ ಹತ್ತಿರ ಬರುವುದು ಬೇಡ. ನಾನೇ ವಡೆಗೆ ಬರುತ್ತೇನೆ” ಎಂದರು.

ಹಾಗಾಗಿ ಚೀಟಿಯಲ್ಲಿ ಆ ಎರಡು ಗೆರೆ. ಮನೆಯಲ್ಲಿ ಮಾತಾಡುವುದು ಬೇರೆ, ಅಪರಿಚಿತರ ಮುಂದೆ ಬೇರೆ. ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?

ಆ ದಿನ ಆಟೋ ಒಂದು ಕಡೆಯೂ ನಿಲ್ಲಲಿಲ್ಲ. ಮಗು ನಿದ್ದೆ ಹೋಗಲಿಲ್ಲ. ದಾರಿಯುದ್ದಕ್ಕೂ ಸುಜಾತ ನನಗೆ ಒಂದೇ ಮಾತು ಹೇಳಿದಳು: “ಅಲ್ಲಿ ನೀವು ಸುಮ್ನೆ ಕೂತ್ಕೊಳ್ಳಿ, ಅಷ್ಟೇ. ಅವರು ಕೇಳೋದು ಪಾಪೂನ. ನಿಮ್ಮನ್ನಲ್ಲ.” ನಾನು ತಲೆಯಾಡಿಸಿದೆ. ಬಾಯಿ ಮುಚ್ಚಿಕೊಂಡಿರುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ, ಅದರಲ್ಲಿ ನನಗೆ ಪೂರ್ತಿ ವಿಶ್ವಾಸವಿತ್ತು.

ಟೀಚರು ಇಪ್ಪತ್ತೆಂಟರ ಹುಡುಗಿ, ನಗುಮುಖ. ನಿಧಿಯ ಎತ್ತರಕ್ಕೆ ಬಾಗಿ ಹೆಸರು ಕೇಳಿದರು. ನನ್ನ ಜೀವವೆಲ್ಲ ಕಿವಿಗೆ ಬಂತು. ನಿಧಿ ಟೀಚರ ಕಿವಿಯ ಓಲೆ ನೋಡಿದಳು. ಗೋಡೆ ನೋಡಿದಳು. ಒಂದು, ಎರಡು, ಮೂರು... ನನ್ನ ನಾಲಿಗೆಯ ತುದಿಯಲ್ಲಿ ಅವಳ ಹೆಸರು ಕುದಿಯುತ್ತಿತ್ತು. ಸುಜಾತ ನನ್ನ ಮೊಣಕಾಲು ಚಿವುಟಿದಳು.

“ನಿಧಿ” ಎಂದಳು ನಿಧಿ. “ಉಂಗ ಪೇರು?”

ಟೀಚರು ನಕ್ಕು ತಮ್ಮ ಹೆಸರು ಹೇಳಿದರು. ಆಮೇಲೆ ಕೆಂಪು ಯಾವುದು, ಹಳದಿ ಯಾವುದು, ಮನೆಯಲ್ಲಿ ಯಾರು ಯಾರು ಇದ್ದಾರೆ, ಎಲ್ಲಕ್ಕೂ ಅವಳದೇ ಉತ್ತರ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ನೀರು ಬೇಕಾದಾಗ, “ತಣ್ಣಿ ವೇಣುಂ ಮಿಸ್” ಎಂದು ತಾನೇ ಕೇಳಿ ಇಸಿದುಕೊಂಡು ಕುಡಿದಳು. ಆ ಒಂದು ಲೋಟ ನೀರು ನೋಡಿ ನನ್ನ ಕಣ್ಣು ತುಂಬಿತು. ಬಂದ ಕೆಲಸ ಆಯಿತು ಎಂದುಕೊಂಡೆ. ಮೈ ಸಡಿಲವಾಯಿತು. ಕುರ್ಚಿಗೆ ಒರಗಿದೆ. ತಪ್ಪಾದದ್ದು ಅಲ್ಲೇ.

“ಉನಕ್ಕು ಸಾಪ್ಪಿಡ ಎನ್ನ ರೊಂಬ ಪುಡಿಕ್ಕುಂ?” ತಿನ್ನಲು ನಿನಗೆ ಏನೆಂದರೆ ಬಲು ಇಷ್ಟ ಎಂದು ಟೀಚರು ಕೇ—

“ದೋಸೆ!” ಎಂದೆ ನಾನು. “ನಮ್ಮದು ಹೋಟೆಲು ಮೇಡಂ. ದೋಸೆಯೆಂದರೆ ಇವಳಿಗೆ ಪ್ರಾಣ.”

ಸುಜಾತ ಕಣ್ಣು ಮುಚ್ಚಿಕೊಂಡಳು. ನಿಧಿ ನನ್ನ ಕಡೆ ತಿರುಗಿ, ತನ್ನ ಪುಟ್ಟ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು. ಊಟ ಸಾಕಾದವರು ಎಲೆಗೆ ಅಡ್ಡ ಕೈ ಹಿಡಿಯುತ್ತಾರಲ್ಲ, ಹಾಗೆ. ಕೈ ತೆಗೆಯದೆಯೇ ಟೀಚರಿಗೆ ಹೇಳಿದಳು.

“ಬ್ರೆಡ್.”

ಮೂರು ತಲೆಮಾರು ದೋಸೆ ಹೊಯ್ದ ಮನೆ. ಯಾರಿಗಾದರೂ ಜ್ವರ ಬಂದರೆ ಮಾತ್ರ ನಮ್ಮಲ್ಲಿ ಬ್ರೆಡ್ ಕಾಣಿಸುತ್ತದೆ. ಹಲ್ಲು ಬಂದಾಗಿನಿಂದ ದಿನಕ್ಕೆರಡು ಸಲ ತುಪ್ಪ ಹಾಕಿ ಗರಿಗರಿಯಾಗಿ ಅವಳ ತಟ್ಟೆಗೆ ದೋಸೆ ಹಾಕಿದ್ದೇವೆ. ಅದು ಬೇಕೋ ಎಂದು ಒಬ್ಬರೂ ಕೇಳಿರಲಿಲ್ಲ.

ಗೇಟು ದಾಟುವ ಮೊದಲೇ ಅಪ್ಪಯ್ಯನ ಫೋನು. “ಎಂತ ಆಯ್ತು? ಮಾತಾಡಿತಾ?”

“ಎಲ್ಲ ಮಾತಾಡಿದ್ಳು ಅಪ್ಪಯ್ಯ. ಸೀಟು ಕೊಡ್ತೇವೆ ಅಂದ್ರು.”

“ಮತ್ತೆಂತಕ್ಕೆ ನಿನ್ನ ಸ್ವರ ಹೀಗುಂಟು?”

ಹೇಳಿದೆ. ದೋಸೆಯನ್ನೂ ಹೇಳಿದೆ, ಬ್ರೆಡ್ಡನ್ನೂ ಹೇಳಿದೆ. ಆ ಕಡೆ ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಂಯ್ ಕೇಳಿಸಿತು.

“ಯಾವ ಬ್ರೆಡ್ಡಂತೆ?” ಎಂದರು ಅಪ್ಪಯ್ಯ. “ಸಿಹಿದಾ, ಸಪ್ಪೆದಾ? ಕೇಳಿದ್ಯಾ?”

ಕೇಳಿರಲಿಲ್ಲ. ಫೋನನ್ನು ನಿಧಿಯ ಕಿವಿಗೆ ಹಿಡಿದೆ.